ಬಣ್ಣದ ಮೀನು ಸಾಕುವ ಮೊದಲು ನೀರನ್ನು ಸಾಕಿರಿ



ಸಂಘಗಳ ಸಭೆಗೆ ಹೋದಾಗ ಈಗೀಗ ಒಂದು ಪ್ರಶ್ನೆ ಕೇಳಿಬರುತ್ತಿದೆ. "ಸಿಸ್ಟರ್, ಬಣ್ಣದ ಮೀನು ಸಾಕಿದರೆ ಲಾಭ ಇದೆಯಂತೆ, ಸಂಘದಿಂದ ಸಾಲ ತೆಗೆಯಬಹುದಾ?" ತೆಗೆಯಬಹುದು. ಆದರೆ ಹಿತ್ತಲಲ್ಲಿ ಸಿಮೆಂಟು ತೊಟ್ಟಿ ಕಟ್ಟಿಸುವ ಮೊದಲು ಮನೆಯೊಳಗೆ ಒಂದು ದೊಡ್ಡ ಗಾಜಿನ ತೊಟ್ಟಿ ಇಟ್ಟು, ಆರು ತಿಂಗಳು ಮೀನನ್ನು ಬದುಕಿಸಲು ಕಲಿಯಿರಿ ಎಂದು ನಾವು ಹೇಳುತ್ತೇವೆ. ಒಂದು ತೊಟ್ಟಿಯಲ್ಲಿ ಕಲಿತ ಪಾಠ ಹತ್ತು ತೊಟ್ಟಿಯ ಸಾಲವನ್ನು ಕಾಪಾಡುತ್ತದೆ.

ಸಾಮಾನ್ಯವಾಗಿ ಏನಾಗುತ್ತದೆ? ಪೇಟೆಯಿಂದ ತೊಟ್ಟಿ, ಕಲ್ಲು, ಮೀನು ಎಲ್ಲವನ್ನೂ ಒಂದೇ ದಿನ ತರುತ್ತಾರೆ. ಸಂಜೆಗೆ ನೀರು ತುಂಬಿಸಿ ಇಪ್ಪತ್ತು ಮೀನು ಬಿಡುತ್ತಾರೆ. ಹತ್ತು ಹದಿನೈದು ದಿನದಲ್ಲಿ ಒಂದೊಂದಾಗಿ ಸಾಯುತ್ತವೆ. "ದೃಷ್ಟಿ ತಾಗಿತು" ಅಂತ ಕೆಲವರು, "ಮನೆಗೆ ಬರುವ ಕಂಟಕವನ್ನು ಮೀನು ತೆಗೆದುಕೊಂಡಿತು" ಅಂತ ಇನ್ನು ಕೆಲವರು. ಆ ಮಾತು ನಂಬಿ ಮತ್ತೆ ಇಪ್ಪತ್ತು ಮೀನು ತಂದರೆ ಅವೂ ಸಾಯುತ್ತವೆ. ಮೀನು ಸತ್ತದ್ದು ದೃಷ್ಟಿಯಿಂದ ಅಲ್ಲ, ತಾವೇ ಹೊರಹಾಕಿದ ಹೊಲಸಿನ ವಿಷದಿಂದ. ಇದನ್ನು ತಿಳಿದುಕೊಂಡರೆ ಅರ್ಧ ವಿದ್ಯೆ ಕಲಿತ ಹಾಗೆ.

ನೀರು ಹದವಾಗುವುದು ಎಂದರೇನು?

ಮೀನಿನ ಹೊಲಸು ಮತ್ತು ಉಳಿದ ಆಹಾರ ಕೊಳೆತು ನೀರಿನಲ್ಲಿ ಅಮೋನಿಯ ಉಂಟಾಗುತ್ತದೆ. ಇದು ಮೀನಿಗೆ ವಿಷ. ಒಂದು ಜಾತಿಯ ಸೂಕ್ಷ್ಮ ಜೀವಿಗಳು ಅಮೋನಿಯವನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಇನ್ನೊಂದು ಜಾತಿಯವು ಅದನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಅಷ್ಟು ಅಪಾಯಕಾರಿ ಅಲ್ಲ, ಗಿಡಕ್ಕೆ ಗೊಬ್ಬರ. ಈ ಸೂಕ್ಷ್ಮ ಜೀವಿಗಳು ಫಿಲ್ಟರಿನ ಸ್ಪಂಜಿನಲ್ಲಿ, ಕಲ್ಲಿನ ಮೇಲೆ ಬೆಳೆಯಬೇಕು. ಅದಕ್ಕೆ ನಾಲ್ಕರಿಂದ ಆರು ವಾರ ಬೇಕು. ಹೊಸ ತೊಟ್ಟಿಯಲ್ಲಿ ಅವು ಇಲ್ಲದಿರುವುದರಿಂದಲೇ ಮೀನು ಸಾಯುವುದು.

ಹಾಗಾಗಿ ಮೊದಲ ತಿಂಗಳು ಮೀನು ಬೇಡ. ನೀರು ತುಂಬಿಸಿ, ಫಿಲ್ಟರ್ ಹಗಲು ರಾತ್ರಿ ಓಡಿಸಿ, ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕಿ. ಅದು ಕೊಳೆತು ಸೂಕ್ಷ್ಮ ಜೀವಿಗಳಿಗೆ ಊಟವಾಗುತ್ತದೆ. ಹಾಲಿಗೆ ಹೆಪ್ಪು ಹಾಕುವ ಹಾಗೆ, ರೋಗವಿಲ್ಲದ ಹಳೆ ತೊಟ್ಟಿಯಿಂದ ಒಂದು ತುಂಡು ಸ್ಪಂಜು ತಂದು ನಿಮ್ಮ ಫಿಲ್ಟರಿನಲ್ಲಿಟ್ಟರೆ ಬೇಗ ಹದವಾಗುತ್ತದೆ. ಅಕ್ವೇರಿಯಂ ಅಂಗಡಿಯಲ್ಲಿ ನೀರು ಪರೀಕ್ಷೆಯ ಕಿಟ್ ಸಿಗುತ್ತದೆ. ನಾಲ್ಕೈದು ಸದಸ್ಯೆಯರು ಸೇರಿ ಒಂದು ಕೊಂಡರೆ ಸಾಕು. ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆ ಮೀನು ತನ್ನಿ.

ತೊಟ್ಟಿ ದೊಡ್ಡದೇ ಏಕೆ?

ಸಣ್ಣ ಗಾಜಿನ ಬೋಗುಣಿಯಲ್ಲಿ ವಿಷ ಬೇಗ ಏರುತ್ತದೆ, ನೀರು ಬೇಗ ಬಿಸಿಯಾಗುತ್ತದೆ. ಹೆಚ್ಚು ನೀರು ಇದ್ದಷ್ಟು ನಮ್ಮ ಸಣ್ಣಪುಟ್ಟ ತಪ್ಪನ್ನು ಅದು ತಡೆದುಕೊಳ್ಳುತ್ತದೆ. 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯಲ್ಲಿ ಮೇಲೆ ಸ್ವಲ್ಪ ಜಾಗ ಬಿಟ್ಟರೆ ಸುಮಾರು 220 ಲೀಟರ್ ನೀರು ಹಿಡಿಯುತ್ತದೆ. ನೀರು, ಗಾಜು, ಕಲ್ಲು ಎಲ್ಲ ಸೇರಿ ಭಾರ 300 ಕಿಲೋ ದಾಟುತ್ತದೆ. ಆರು ಮೂಟೆ ಸಿಮೆಂಟು ಒಂದೇ ಕಡೆ ಇಟ್ಟ ಹಾಗೆ! ಟಿ.ವಿ. ಸ್ಟ್ಯಾಂಡು, ಹಳೆಯ ಮೇಜು ಇದಕ್ಕೆ ಆಗದು. ಕಬ್ಬಿಣದ ಸ್ಟ್ಯಾಂಡು ಮಾಡಿಸಿ, ಗಟ್ಟಿ ನೆಲದ ಮೇಲೆ ಗೋಡೆ ಬದಿಗೆ ಇಡಿ. ತೊಟ್ಟಿಯ ಅಡಿಗೆ ಥರ್ಮೋಕೋಲ್ ಹಾಳೆ ಹಾಸಿ. ನೇರ ಬಿಸಿಲು ಬೀಳುವ ಕಿಟಕಿ ಹತ್ತಿರ ಇಟ್ಟರೆ ಪಾಚಿ ಕಟ್ಟುತ್ತದೆ. ಮೀನು ಬಿಡುವ ಮೊದಲೇ ನೀರು ತುಂಬಿಸಿ ಎರಡು ದಿನ ಸೋರಿಕೆ ನೋಡಿ.

ನಲ್ಲಿ ನೀರಿನಲ್ಲಿ ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಇರಬಹುದು. ಅದು ಮೀನನ್ನೂ ಸೂಕ್ಷ್ಮ ಜೀವಿಗಳನ್ನೂ ಕೊಲ್ಲುತ್ತದೆ. ಬಾಯಿ ತೆರೆದ ಡ್ರಮ್ಮಿನಲ್ಲಿ ಒಂದೆರಡು ದಿನ ಇಟ್ಟು ಬಳಸಿ. ಬೋರ್‌ವೆಲ್ ನೀರನ್ನೂ ಗಾಳಿಯಾಡಲು ಬಿಟ್ಟೇ ಹಾಕಿ.

ಯಾವ ಮೀನು, ಎಷ್ಟು?

ಗಪ್ಪಿ, ಮೋಲಿ, ಪ್ಲಾಟಿ ನಮ್ಮಂಥ ಆರಂಭಿಕರಿಗೆ ಒಳ್ಳೆಯವು. ಇವು ಗಡಸು ನೀರಿಗೂ ಹೊಂದಿಕೊಳ್ಳುತ್ತವೆ, ಮೊಟ್ಟೆಯ ಬದಲು ಮರಿ ಹಾಕುತ್ತವೆ. ಗಪ್ಪಿ ಸುಮಾರು ತಿಂಗಳಿಗೊಮ್ಮೆ ಮರಿ ಹಾಕುತ್ತದೆ. ಆದರೆ ತನ್ನ ಮರಿಯನ್ನೇ ತಿನ್ನುತ್ತದೆ, ಅಡಗಲು ದಟ್ಟ ಗಿಡ ಬೇಕು. ಮೊದಲು ಆರೇ ಮೀನು ಬಿಡಿ. ಎರಡು ವಾರ ಬಿಟ್ಟು ಇನ್ನಾರು. ತಂದ ಚೀಲವನ್ನು ಹದಿನೈದು ನಿಮಿಷ ನೀರಿನ ಮೇಲೆ ತೇಲಿಸಿ, ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪ ಚೀಲಕ್ಕೆ ಬೆರೆಸಿ, ಆಮೇಲೆ ಮೀನನ್ನು ಮಾತ್ರ ಬಿಡಿ.

ಅಂಗಡಿಯಲ್ಲಿ ಬೆರಳುದ್ದ ಕಾಣುವ ಆಸ್ಕರ್, ಸಕ್ಕರ್ ಮೀನುಗಳು ಒಂದು ಅಡಿಯಷ್ಟು ಬೆಳೆಯುತ್ತವೆ. ಸಾಕಲಾಗದೆ ಅವನ್ನು ಕೆರೆಗೆ, ಹೊಳೆಗೆ ಬಿಡಬೇಡಿ. ಹೀಗೆ ಬಿಟ್ಟ ಸಕ್ಕರ್ ಮೀನು ನಮ್ಮ ದೇಶದ ಹಲವು ಕೆರೆ-ನದಿಗಳಲ್ಲಿ ಹರಡಿ ಮೀನುಗಾರರ ಬಲೆಗೂ ಅಲ್ಲಿನ ಮೀನುಗಳಿಗೂ ತೊಂದರೆ ಕೊಡುತ್ತಿದೆ.

ದಿನದ ಕೆಲಸ, ವಾರದ ಕೆಲಸ

ದಿನಕ್ಕೆ ಒಂದೆರಡು ಸಲ, ಎರಡು ಮೂರು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಕೊಡಿ. ಮಕ್ಕಳು ಪ್ರೀತಿಯಿಂದ ಹಾಕುವ ಅನ್ನ, ಬ್ರೆಡ್ಡು ನೀರು ಕೆಡಿಸುತ್ತದೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಅಂದರೆ 15 ಲೀಟರಿನ ಬಕೆಟ್ಟಿನಲ್ಲಿ ಸುಮಾರು ನಾಲ್ಕು ಬಕೆಟ್. ತೆಗೆದ ನೀರನ್ನು ಚೆಲ್ಲಬೇಡಿ. ಅದರಲ್ಲಿ ನೈಟ್ರೇಟ್ ಇದೆ, ಬದನೆ, ಮೆಣಸು, ಮಲ್ಲಿಗೆ ಗಿಡಕ್ಕೆ ಹಾಕಿ. ಆದರೆ ಈ ನಾಲ್ಕು ಬಕೆಟ್ ಹೊರುವವರು ಯಾರು? ತೊಟ್ಟಿ ತರುವ ಮೊದಲೇ ಗಂಡ, ಮಕ್ಕಳ ಜೊತೆ ಕೂತು ಕೆಲಸ ಹಂಚಿಕೊಳ್ಳಿ. ಇಲ್ಲವಾದರೆ ಎಲ್ಲವೂ ನಿಮ್ಮ ತಲೆಗೇ ಬರುತ್ತದೆ.

ಫಿಲ್ಟರಿನ ಸ್ಪಂಜನ್ನು ನಲ್ಲಿ ಕೆಳಗೆ ಸೋಪು ಹಾಕಿ ತೊಳೆಯಬಾರದು. ಬಕೆಟ್ಟಿಗೆ ತೆಗೆದ ತೊಟ್ಟಿಯ ನೀರಿನಲ್ಲೇ ಹಿಂಡಿ ಇಡಿ. ಕರೆಂಟು ಹೋದರೆ ಚೊಂಬಿನಿಂದ ನೀರೆತ್ತಿ ಮೇಲಿನಿಂದ ಸುರಿಯುತ್ತಿದ್ದರೆ ಗಾಳಿ ಸೇರುತ್ತದೆ. ನೀರಿಗೆ ಕೈ ಹಾಕುವ ಮೊದಲು ಸ್ವಿಚ್ ಆಫ್ ಮಾಡಿ ಪ್ಲಗ್ ತೆಗೆಯಿರಿ. ವೈರು ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದು ಆಮೇಲೆ ಮೇಲೇರಬೇಕು, ಆಗ ಹನಿ ನೀರು ಪ್ಲಗ್ಗಿಗೆ ಹೋಗುವುದಿಲ್ಲ.

ಸಾಲಕ್ಕೆ ಮೊದಲು ಲೆಕ್ಕ

20 ವ್ಯಾಟಿನ ಫಿಲ್ಟರ್ ಇಡೀ ದಿನ, 20 ವ್ಯಾಟಿನ ಲೈಟು ಎಂಟು ಗಂಟೆ ಉರಿದರೆ ತಿಂಗಳಿಗೆ ಸುಮಾರು 20 ಯೂನಿಟ್ ಕರೆಂಟು. ಇದನ್ನೂ ಆಹಾರದ ಖರ್ಚನ್ನೂ ಸತ್ತ ಮೀನಿನ ಸಂಖ್ಯೆಯನ್ನೂ ಸಂಘದ ಪುಸ್ತಕದ ಹಾಗೆ ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಲಿನ ಅಲಂಕಾರಿಕ ಮೀನು ಘಟಕಕ್ಕೆ 3 ಲಕ್ಷ ರೂಪಾಯಿ ವೆಚ್ಚ ನಿಗದಿಮಾಡಿ, ಮಹಿಳೆಯರಿಗೆ ಶೇಕಡ 60 ಸಹಾಯಧನ ಇಟ್ಟಿದ್ದರು. ಆ ಲೆಕ್ಕದಲ್ಲೂ 1 ಲಕ್ಷ 20 ಸಾವಿರ ನಮ್ಮ ಕೈಯಿಂದಲೇ ಹೋಗಬೇಕು. ಈಗ ಯಾವ ಯೋಜನೆ ಇದೆ, ಸಹಾಯಧನ ಯಾವಾಗ ಕೈಸೇರುತ್ತದೆ, ನಮ್ಮ ಮೀನನ್ನು ಯಾರು ಕೊಳ್ಳುತ್ತಾರೆ ಎಂಬುದನ್ನು ಮೀನುಗಾರಿಕೆ ಇಲಾಖೆಯ ತಾಲೂಕು ಕಚೇರಿಯಲ್ಲೂ ಪೇಟೆಯ ಅಂಗಡಿಗಳಲ್ಲೂ ವಿಚಾರಿಸಿದ ನಂತರವೇ ಠರಾವು ಬರೆಯಿರಿ.

ಆರು ತಿಂಗಳ ನಂತರ ನಿಮ್ಮ ತೊಟ್ಟಿಯಲ್ಲಿ ಮೀನು ಬದುಕಿದ್ದು, ಮರಿ ಹಾಕಿದ್ದರೆ ಧೈರ್ಯದಿಂದ ಮುಂದೆ ಹೋಗಿ. ಇಲ್ಲದಿದ್ದರೆ ನಷ್ಟ ಒಂದು ತೊಟ್ಟಿಯದು ಮಾತ್ರ, ಸಂಘದ ಉಳಿತಾಯ ಕ್ಷೇಮ. ದೇವರು ನಮ್ಮ ಕೈಗೆ ಕೊಟ್ಟ ಜೀವ ಎಷ್ಟೇ ಸಣ್ಣದಾಗಿರಲಿ, ಅದನ್ನು ತಾಳ್ಮೆಯಿಂದ ನೋಡಿಕೊಳ್ಳೋಣ.