ನಿಮಗಿದು ಗೊತ್ತೇ? ಒಂದು ‘ಟಿ’ ಹೆಚ್ಚಾಗಿತ್ತು

ಕಾಗುಣಿತ ತಿದ್ದುವ ನೆಪದಲ್ಲಿ ಒಂದು ಭಾಷೆಗೇ ಕನ್ನ ಕೊರೆಯಲು ಹೊರಟವರಿದ್ದರು! 2021ರ ಮಾರ್ಚ್ 28ರಂದು ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆಯ ಮೂಲ ಕೋಡ್ ಇದ್ದ ಸರ್ವರ್‌ನಲ್ಲಿ ಕಳ್ಳ ತಿದ್ದುಪಡಿಯೊಂದು ಬಂದು ಕೂತಿತು. ಅದರ ಮೇಲಿದ್ದ ಹೆಸರು ಭಾಷೆಯ ಜನಕ ರಾಸ್ಮಸ್ ಲೆರ್ಡಾರ್ಫ್ ಅವರದು. ಅದನ್ನು ಅಳಿಸಿದ ಮೇಲೆ ಇನ್ನೊಂದು ಬಂತು, ಭಾಷೆ ಕಟ್ಟುವವರಲ್ಲೊಬ್ಬರಾದ ನಿಕಿತಾ ಪೊಪೊವ್ ಹೆಸರಿನಲ್ಲಿ. ಎರಡೂ ಖೋಟಾ. ಮೊದಲನೆಯದರ ಜೊತೆಗಿದ್ದ ಟಿಪ್ಪಣಿ: ಸಣ್ಣ ಅಕ್ಷರದೋಷ ಸರಿಪಡಿಸಿದೆ.

ಬ್ರೌಸರ್ ತನ್ನ ಗುರುತು ಹೇಳಿಕೊಳ್ಳುವ ಸಾಲಿಗೆ ‘ಯೂಸರ್ ಏಜೆಂಟ್’ ಎನ್ನುತ್ತಾರೆ. ಕಳ್ಳ ಕೋಡ್ ಹುಡುಕುತ್ತಿದ್ದ ಹೆಸರಿನಲ್ಲಿ ಮಾತ್ರ ಕೊನೆಗೆ ಎರಡು ‘ಟಿ’. ಅಂಥ ಸಾಲನ್ನು ಯಾವ ಬ್ರೌಸರೂ ಕಳಿಸುವುದಿಲ್ಲ, ಕಳಿಸುವವನು ಕಳ್ಳನೊಬ್ಬನೇ. ಆ ಸಾಲು ‘ಜೆರೋಡಿಯಂ’ ಎಂಬ ಪದದಿಂದ ಶುರುವಾದರೆ, ಮುಂದಿನದ್ದನ್ನೆಲ್ಲ ಸರ್ವರ್ ಅಪ್ಪಣೆ ಎಂದು ನಡೆಸಿಕೊಡಬೇಕು. ಅಕ್ಷರದೋಷ ತಿದ್ದಿದೆ ಎಂದವನ ಕೋಡ್‌ನಲ್ಲೇ ಬೇಕೆಂದೇ ಇಟ್ಟ ಅಕ್ಷರದೋಷ! ವರ್ಡ್‌ಪ್ರೆಸ್ ಜಾಲತಾಣಗಳೂ ನಮ್ಮ ಕನ್ನಡ ವಿಕಿಪೀಡಿಯವೂ ಓಡುವುದು ಇದೇ ಪಿಎಚ್‌ಪಿಯಲ್ಲಿ. ಸದ್ಯ, ಬದಲಾವಣೆಗಳನ್ನು ಓದಿ ನೋಡುವ ಜೊತೆಗಾರರ ಕಣ್ಣಿಗೆ ಒಂದೆರಡು ಗಂಟೆಯಲ್ಲೇ ಬಿತ್ತು.

ಹೆಸರು ಕದ್ದದ್ದು ಯಾರದು ನೋಡಿ. ಕೋಡ್ ಓಡಿಸದೆ, ಬರೀ ಓದಿ ತಪ್ಪು ಹುಡುಕುವ ‘ಫಾನ್’ ಎಂಬ ಮುಕ್ತ ತಂತ್ರಾಂಶವನ್ನು ಶುರುಮಾಡಿದ್ದು ಲೆರ್ಡಾರ್ಫ್. ಪಿಎಚ್‌ಪಿಯನ್ನು ವ್ಯಾಕರಣದಂತೆ ಬಿಡಿಸಿಡುವ ‘ಪಿಎಚ್‌ಪಿ ಪಾರ್ಸರ್’ ಪೊಪೊವ್ ಬರೆದದ್ದು; ‘ಪಿಎಚ್‌ಪಿಸ್ಟ್ಯಾನ್’, ‘ಸಾಮ್’ ಎರಡೂ ಅದರ ಮೇಲೆಯೇ ನಿಂತಿವೆ. ಕಾವಲುಗಾರರ ಹೆಸರು ಹೇಳಿಕೊಂಡೇ ಒಳಗೆ ಬಂದಿದ್ದರು.

ಈ ‘ಸಾಮ್’ ಹುಟ್ಟಿದ್ದು ವಿಮಿಯೋ ಎಂಬ ವಿಡಿಯೊ ಕಂಪನಿಯಲ್ಲಿ. ಅದಕ್ಕೊಂದು ಸೊಗಸಾದ ಕಸುಬು ಗೊತ್ತು. ಹೊರಗಿನವರು ತುಂಬಿದ ಮಾಹಿತಿ ಯಾವ ಸಾಲಿನಿಂದ ಯಾವ ಸಾಲಿಗೆ ಹರಿಯಿತು, ಶುದ್ಧಮಾಡದೆ ಡೇಟಾಬೇಸಿಗೆ ಇಳಿಯಿತೇ ಎಂದು ಹಿಂಬಾಲಿಸುತ್ತದೆ. ತೂಬಿನಿಂದ ಬಿಟ್ಟ ನೀರು ಯಾರ ಗದ್ದೆ ಸೇರಿತೆಂದು ಕಾಲುವೆ ಹಿಡಿದು ನಡೆದ ಹಾಗೆ.

ಕಳ್ಳ ಕೋಡ್ ಅಡಗಿಕೊಳ್ಳಲು ಉಪಾಯಗಳು ಹಲವು. ಪಿಎಚ್‌ಪಿಯಲ್ಲಿ ಫಂಕ್ಷನ್ ಹೆಸರುಗಳಿಗೆ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರದ ಭೇದವಿಲ್ಲ. ಸಾಲದ್ದಕ್ಕೆ ‘ಸಿಸ್ಟಮ್’ ಎಂಬ ಅಪಾಯದ ಹೆಸರನ್ನು ‘ಸಿಸ್’, ‘ಟಮ್’ ಎಂದು ಎರಡು ತುಂಡು ಮಾಡಿಟ್ಟು, ಬೇಕಾದಾಗ ಜೋಡಿಸಿ ಕರೆಯಬಹುದು. ಹಾಗಾಗಿ ಬರೀ ಪದ ಹುಡುಕಿದರೆ ಕಳ್ಳ ಸಿಗುವುದಿಲ್ಲ.

ಗಂಟಿನೊಳಗೊಂದು ಗಂಟು ಕಟ್ಟುವುದು ಇನ್ನೊಂದು ಉಪಾಯ: ಕೋಡನ್ನು ಕುಗ್ಗಿಸಿ, ಬೇಸ್64 ಲಿಪಿಗೆ ತಿರುಗಿಸಿ, ಮತ್ತೆ ಕುಗ್ಗಿಸಿ… ಎಷ್ಟು ಸುತ್ತಾದರೂ ಕೊನೆಗೆ ಎಲ್ಲವೂ ಸಾಮಾನ್ಯವಾಗಿ, ಪಠ್ಯವನ್ನು ಕೋಡ್ ಎಂದು ಓಡಿಸುವ ‘ಇವಾಲ್’ ಎಂಬ ಬಾಗಿಲಿಗೇ ಬರಬೇಕು. ಸ್ಟೆಫಾನ್ ಎಸ್ಸರ್ ಅವರ ‘ಇವಾಲ್‌ಹುಕ್’ ಆ ಬಾಗಿಲಲ್ಲೇ ಕಾದು ಕೂತು, ಓಡುವ ಮುಂಚೆ ಬಿಚ್ಚಿದ ಕೋಡನ್ನು ತೋರಿಸಿಬಿಡುತ್ತದೆ. ಗಂಟು ಬಿಚ್ಚಲು ಇನ್ನೊಂದು ಜನಪ್ರಿಯ ಸಾಧನ ‘ಸೈಬರ್‌ಶೆಫ್’. 2016ರಲ್ಲಿ ಅದನ್ನು ಪುಕ್ಕಟೆಯಾಗಿ ಹಂಚಿದ್ದು ಬ್ರಿಟನ್ನಿನ ಗೂಢಚಾರ ಸಂಸ್ಥೆ ಜಿಸಿಎಚ್‌ಕ್ಯೂ! ಗುಟ್ಟು ಕಾಯುವವರೇ ಗುಟ್ಟು ಬಿಚ್ಚುವ ಸಲಕರಣೆ ಕೊಟ್ಟಿದ್ದಾರೆ.

ಬೇಸ್64 ಮೂರು ಬೈಟುಗಳನ್ನು ನಾಲ್ಕು ಚಿಹ್ನೆಗಳಾಗಿಸುತ್ತದೆ. ಯೂನಿಕೋಡಿನ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರಸಂಕೇತಕ್ಕೂ ಸರಿಯಾಗಿ ಮೂರು ಬೈಟು. ಎಂದರೆ ನಮ್ಮ ಲಿಪಿ ಇದಕ್ಕೆ ಅಳತೆ ಕೊಟ್ಟು ಹೊಲಿಸಿದ ಅಂಗಿ. ‘ಕ’ ಬೇಸ್64ಕ್ಕೆ ಹೋದರೆ 4, ಎಲ್, ಕೆ, ವಿ. ‘ಕನ್ನಡ’ದಲ್ಲಿ ಸಂಕೇತಗಳು ಐದು (ಒತ್ತಕ್ಷರಕ್ಕಾಗಿ ನಡುವೆ ಬರುವ ಹಲಂತವೂ ಲೆಕ್ಕಕ್ಕುಂಟು), ಹಾಗಾಗಿ ಇಪ್ಪತ್ತು ಚಿಹ್ನೆ. ಬರೀ ಕನ್ನಡವಿದ್ದರೆ ಪ್ರತಿ ನಾಲ್ಕರ ಗುಂಪೂ ‘4, ಎಲ್’ನಿಂದಲೇ ಶುರು. ಬಿಚ್ಚದೆಯೇ ಊಹಿಸಬಹುದು, ಇದು ನಮ್ಮ ಕಡೆಯದಿರಬಹುದು ಎಂದು.

ಪಿಎಚ್‌ಪಿಯಲ್ಲಿ ವೇರಿಯಬಲ್‌ಗೆ ಕನ್ನಡದಲ್ಲೇ ಹೆಸರಿಡಬಹುದು: $ಹೆಸರು, $ಊರು. ಸಂತೋಷ. ಅದೇ ನಿಯಮದಿಂದ ಕಣ್ಣಿಗೆ ಕಾಣದ ಖಾಲಿ ಜಾಗದಂಥ ಚಿಹ್ನೆಯೂ ಹೆಸರಾಗಬಹುದು. ಇದು ಸಂತೋಷವಲ್ಲ.



ಮಾಲ್‌ವೇರ್ ಬೇಟೆಗಾರರ ಮೆಚ್ಚಿನ ‘ಯಾರಾ’ದಲ್ಲಿ ನೀವೇ ನಿಯಮ ಬರೆಯುತ್ತೀರಿ: ಈ ತುಂಡುಗಳು, ಈ ಷರತ್ತಿನಲ್ಲಿ ಕಂಡರೆ ಕೂಗು. ಅದನ್ನು ಆಧರಿಸಿದ ‘ಪಿಎಚ್‌ಪಿ ಮಾಲ್‌ವೇರ್ ಫೈಂಡರ್’ ಬರೆದವರ ಪ್ರಾಮಾಣಿಕತೆ ನನಗೆ ಬಹಳ ಹಿಡಿಸಿತು. ಇದನ್ನು ಏಮಾರಿಸುವುದು ಸುಲಭ, ಹಿಡಿಯುವುದು ದಡ್ಡ ಕಳ್ಳರನ್ನು ಮಾತ್ರ ಎಂದು ಅವರೇ ಹೇಳಿಬಿಟ್ಟಿದ್ದಾರೆ. ದಡ್ಡ ಕಳ್ಳರಿಗೇನೂ ಬರವಿಲ್ಲವಲ್ಲ!

ವರ್ಡ್‌ಪ್ರೆಸ್ ತಾಣವಿದ್ದವರಿಗೆ ಇದಕ್ಕಿಂತ ಸರಳ ದಾರಿಯಿದೆ. ‘ಡಬ್ಲ್ಯುಪಿ-ಸಿಎಲ್ಐ’ ಎಂಬ ಸಾಧನಕ್ಕೆ ಒಂದು ಸಾಲಿನ ಅಪ್ಪಣೆ ಕೊಟ್ಟರೆ, ನಿಮ್ಮಲ್ಲಿರುವ ಮೂಲ ಫೈಲುಗಳನ್ನು ಅಸಲಿಯ ಚೆಕ್‌ಸಮ್‌ನೊಂದಿಗೆ ಹೋಲಿಸುತ್ತದೆ. ಒಂದು ಅಕ್ಷರ ಬದಲಾಗಿದ್ದರೂ ಹೇಳುತ್ತದೆ. ಆದರೆ ನೀವೇ ಏರಿಸಿದ ಚಿತ್ರಗಳ ‘ಅಪ್‌ಲೋಡ್ಸ್’ ಫೋಲ್ಡರ್ ಆ ಲೆಕ್ಕಕ್ಕೆ ಬರುವುದಿಲ್ಲ. ಚಿತ್ರಗಳ ನಡುವೆ ಪಿಎಚ್‌ಪಿ ಫೈಲಿಗೇನು ಕೆಲಸ? ಕೆಲವು ಪ್ಲಗಿನ್‌ಗಳು ‘ಇಂಡೆಕ್ಸ್’ ಹೆಸರಿನ ಖಾಲಿ ಫೈಲ್ ಇಟ್ಟಿರುತ್ತವೆ, ನಿಜ. ಖಾಲಿಯೇ ಹೌದೇ ಎಂದು ಒಮ್ಮೆ ತೆರೆದು ನೋಡಿ. ಖಾಲಿ ಜಾಗದ ಆಚೆ ಏನಾದರೂ ಅಡಗಿದೆಯೇ ಎಂದು ಬಲಗಡೆಗೆ ಪೂರ್ತಿ ಸರಿಸಿಯೂ ನೋಡಿ.