ಅಂಗಳದಲ್ಲೊಂದು ಕೈತೋಟ
ಹೊಸ ಮನೆ ಕಟ್ಟಿಸುವ ಸದ್ಗೃಹಸ್ಥರು ಅಂಗಳಕ್ಕೆಲ್ಲ ಸಿಮೆಂಟು ಬಳಿಸುವುದುಂಟು. ನಾವೂ ಆ ತಪ್ಪನ್ನು ಮಾಡಿದವರೇ. ಕೆಸರಾಗದಿರಲೆಂದು ಪಾರಿಜಾತದ ಬುಡದವರೆಗೂ ಗಾರೆ ಹಾಕಿಸಿದೆವು; ಲಿಂಗೈಕ್ಯರಾದ ನಮ್ಮ ತಾಯಿಯವರು ನೆಟ್ಟಿದ್ದ ಆ ಗಿಡ ಎರಡು ಬೇಸಿಗೆಗಳಲ್ಲಿ ಒಣಗಿತು. ಬೇರಿಗೆ ನೀರಷ್ಟೇ ಅಲ್ಲ, ಗಾಳಿಯೂ ಬೇಕು.

ಗಾರೆಯನ್ನು ಒಡೆಸಿ, ಕಲಬುರಗಿ ಸೀಮೆಯ ಶಹಾಬಾದ್ ಕಲ್ಲನ್ನು ಮರಳಿನ ಮೇಲೆ ಹಾಸಿಸಿದೆವು. ಸಂದುಗಳಿಗೂ ಮರಳನ್ನೇ ತುಂಬಿದ್ದರಿಂದ ಮಳೆನೀರು ಅಲ್ಲಿಯೇ ಇಂಗುತ್ತದೆ. ಹಾಸು ಗೋಡೆಯಿಂದ ಹೊರಕ್ಕೆ ಕೊಂಚ ಇಳಿಜಾರಾಗಿರಬೇಕು. ಇದು ಸುಣ್ಣಕಲ್ಲು, ಆಸಿಡ್ ಹಾಕಿ ತೊಳೆಯಲಾಗದು. ಪಡುವಣದ ಬಿಸಿಲಿಗೆ ಅಡ್ಡವಾಗಿ ನುಗ್ಗೆ, ಬಚ್ಚಲ ನೀರಿಗೆ ಬಾಳೆ, ಬಾಗಿಲ ಬಳಿ ಮಲ್ಲಿಗೆ ನೆಟ್ಟೆವು. ಆಸೆಪಟ್ಟು ತಂದ ಬೆತ್ತದ ಕುರ್ಚಿಗಳು ಮಳೆಗೆ ಕೆಟ್ಟವು. ಈಗ ಕಲ್ಲಿನ ಕಟ್ಟೆಯೇ ಸಾಕಾಗಿದೆ.

ಹೊಸ ಪಾರಿಜಾತದ ಸುತ್ತ ಮೂರಡಿ ಮಣ್ಣನ್ನು ತೆರೆದೇ ಬಿಟ್ಟಿದ್ದೇವೆ. ಕಳೆದ ಭಾದ್ರಪದದಲ್ಲಿ ಅದರ ಮೊದಲ ಹೂಗಳು ಉದುರಿದವು.