ಸಾಗರದಾಚೆಯಿಂದ ಬೇಲೂರಿಗೆ

ಹೊರನಾಡಿನಲ್ಲಿ ನೆಲಸಿದ ಮಕ್ಕಳು ಊರಿಗೆ ಬರುವರೆಂಬ ವರ್ತಮಾನ ತಿಳಿದೊಡನೆ ಮನೆಯ ಹಿರಿಯರು ಕೇಳುವುದು, “ಎಷ್ಟು ಹೊತ್ತಿನ ದಾರಿ?” ಎಂದು. ಇದಕ್ಕೆ ಸಾಮಾನ್ಯವಾಗಿ ದೊರೆಯುವುದು ವಿಮಾನದ ಗಂಟೆಗಳ ಲೆಕ್ಕ. ಮನೆಯ ಬಾಗಿಲಿನ ಲೆಕ್ಕವೇ ಬೇರೆಯೆಂಬುದನ್ನು ವಾಚಕರಿಗೆ ಇಲ್ಲಿ ತಿಳಿಸಬಯಸುತ್ತೇವೆ.

ದೃಷ್ಟಾಂತಕ್ಕಾಗಿ 2021ನೆಯ ಇಸವಿ ಜನವರಿ ತಿಂಗಳಿನ ಒಂದು ಪ್ರಯಾಣವನ್ನು ತೆಗೆದುಕೊಳ್ಳೋಣ. ಮಹಿಳೆಯರೇ ನಡೆಸಿದ ಏರ್ ಇಂಡಿಯಾ ಸಂಸ್ಥೆಯ ವಿಮಾನವೊಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಿಂದ ಹೊರಟು, ನಡುವೆ ಎಲ್ಲಿಯೂ ಇಳಿಯದೆ ಬೆಂಗಳೂರನ್ನು ಸೇರಿತು. ದೂರ ಸುಮಾರು 14,000 ಕಿಲೋಮೀಟರು. ಕಾಲ ಸುಮಾರು 17 ಗಂಟೆ. ಅದು ಹಿಡಿದದ್ದು ಉತ್ತರ ಧ್ರುವದ ಕಡೆಯ ಮಾರ್ಗ. ಭೂಗೋಳದ ಗುಂಡಿನ ಮೇಲೆ ಈ ಎರಡು ನಗರಗಳ ನಡುವೆ ದಾರವೊಂದನ್ನು ಬಿಗಿಯಾಗಿ ಎಳೆದು ನೋಡಿದರೆ ಹತ್ತಿರದ ದಾರಿ ಅದೇ ಎಂಬುದು ಮಕ್ಕಳಿಗೂ ತಿಳಿಯುವುದು.

ಹೊರಟದ್ದು ಅಲ್ಲಿಯ 9ನೆಯ ತಾರೀಖಿನ ರಾತ್ರಿ. ಇಳಿದದ್ದು ಇಲ್ಲಿಯ 11ನೆಯ ತಾರೀಖಿನ ಬೆಳಗಿನ ಜಾವ. ಚಳಿಗಾಲದಲ್ಲಿ ನಮ್ಮ ಗಡಿಯಾರವು ಅಲ್ಲಿಯದಕ್ಕಿಂತ ಹದಿಮೂರೂವರೆ ಗಂಟೆ ಮುಂದಿರುವುದೇ ಇದರ ಕಾರಣ. ಆದುದರಿಂದ ಎಂದು ಹೊರಡುವರೆಂದು ಕೇಳುವುದಕ್ಕಿಂತ, ನಮ್ಮ ತಾರೀಖಿನಂತೆ ಎಂದು ಇಳಿಯುವರೆಂದು ಕೇಳುವುದು ಮೇಲು. ಇಲ್ಲವಾದರೆ ಹಿರಿಯರು ಒಂದು ರಾತ್ರಿ ವೃಥಾ ನಿದ್ದೆಗೆಟ್ಟು ಕಾಯುವಂತಾಗುವುದು.

ಇನ್ನು ಉಳಿದ ದಾರಿ. ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಬೆಂಗಳೂರಿನ ರೈಲು ನಿಲ್ದಾಣಕ್ಕೆ ಸುಮಾರು 35 ಕಿಲೋಮೀಟರು; ಅಲ್ಲಿಂದ ಅರಸೀಕೆರೆಗೆ ರೈಲಿನಲ್ಲಿ ಸುಮಾರು 165; ಅರಸೀಕೆರೆಯಿಂದ ಜಾವಗಲ್ಲಿನ ಮೇಲೆ ಹಳೇಬೀಡಿಗೆ ಸುಮಾರು 40; ಹಳೇಬೀಡಿನಿಂದ ಬೇಲೂರಿಗೆ 16. ಎಲ್ಲ ಸೇರಿ ಸುಮಾರು 256. ಬಂಡಿಯಿಂದ ಬಂಡಿಗೆ ಇಳಿದು ಹತ್ತಿ ಕಾಯುವ ಹೊತ್ತೂ ಕೂಡಿ ಎಂಟು ಗಂಟೆಯಾದರೂ ಬೇಕೆಂದಿಟ್ಟುಕೊಳ್ಳೋಣ. ದೂರದಲ್ಲಿ ಇದು ಆಕಾಶಮಾರ್ಗದ ಐವತ್ತರಲ್ಲೊಂದು ಪಾಲಿಗೂ ಕಡಿಮೆ; ಕಾಲದಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು! ದಣಿದ ದೇಹಕ್ಕೆ ಈ ಅರ್ಧವೇ ಭಾರ.

ಆದುದರಿಂದ ಬಂದವರನ್ನು ಅಂದೇ ದೇವಾಲಯಗಳಿಗೆ ಓಡಿಸುವುದು ಉಚಿತವಲ್ಲ. ಅರಸೀಕೆರೆಯಲ್ಲಿ ಬಿಸಿನೀರು, ಅನ್ನಸಾರು, ಒಂದು ರಾತ್ರಿಯ ನಿದ್ದೆ ದೊರೆಯಲಿ. ಮರುದಿನ ಆ ಊರಿನದೇ ಆದ ಈಶ್ವರ ದೇವಾಲಯದ ನಕ್ಷತ್ರಾಕಾರದ ಮಂಟಪವನ್ನು ನೋಡಿ ಮುಂದೆ ಸಾಗಬಹುದು.

ಹಳೇಬೀಡಿನಿಂದ ಬೇಲೂರಿಗೆ ಮೂರು ಹರದಾರಿಗಿಂತ ತುಸು ಹೆಚ್ಚು. ಆ ವಿಮಾನದ ವೇಗಕ್ಕೆ ಇದು ಒಂದು ನಿಮಿಷದ ಮೇಲೆ ಸ್ವಲ್ಪ ಹೊತ್ತಿನ ಮಾತು. ಆದರೆ ಹೊಯ್ಸಳೇಶ್ವರನ ಗೋಡೆಯ ತಳದಲ್ಲಿ ಸಾಲುಗಟ್ಟಿ ನಡೆದಿರುವ ಆನೆಗಳನ್ನು ನೋಡಬೇಕಾದರೆ ಅವುಗಳ ಜೊತೆಯಲ್ಲಿಯೇ ನಡೆಯಬೇಕು. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ, ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವನ ಗುಡಿಯೂ ಹಾಗೆಯೇ. 2023ರಲ್ಲಿ ಈ ಎರಡು ಗುಡಿಗಳೂ ಸೋಮನಾಥಪುರದ ಗುಡಿಯೊಡನೆ ಲೋಕದ ಪರಂಪರೆಯ ಪಟ್ಟಿಗೆ ಸೇರಿದವು. ಮೊಮ್ಮಕ್ಕಳು ಅಜ್ಜಿಯ ಕೈಹಿಡಿದು, ಅವಳ ನಡಿಗೆಯ ವೇಗದಲ್ಲಿ ಅವನ್ನು ಪ್ರದಕ್ಷಿಣೆ ಬರುವುದಾದರೆ ಅಷ್ಟು ದೂರದಿಂದ ಬಂದುದು ಸಾರ್ಥಕವೆಂದು ನಾವು ಭಾವಿಸುತ್ತೇವೆ.